‘ಬೇಟೆ ರೈಫಲ್‌ಗೂ ಸಾಕು’ ಎಂದು ಮಾರುವ ಸ್ಕೋಪ್ ರಿಂಗ್‌ಗಳ ಬಗ್ಗೆ ಎಚ್ಚರಿಕೆ

ಸ್ಪ್ರಿಂಗ್ ಏರ್ ರೈಫಲ್‌ಗೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಬೇಕೆಂದಿರುವ ಉಡುಪಿ, ಮಂಗಳೂರು ಕಡೆಯವರು ಅದನ್ನು ಹಿಡಿದಿಡುವ ರಿಂಗ್‌ಗಳ ಬಗ್ಗೆ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ನಾನು ಆನ್‌ಲೈನ್ ಮಾರಾಟಗಾರನೊಬ್ಬನಿಂದ ತರಿಸಿದ ಜೋಡಿ ರಿಂಗ್‌ಗಳ ಪೊಟ್ಟಣದ ಮೇಲೆ ‘ಉಕ್ಕು’ ಎಂದೂ, ದೊಡ್ಡ ಬೇಟೆ ರೈಫಲ್‌ಗಳ ಒದೆತವನ್ನೂ ತಾಳುತ್ತದೆ ಎಂದೂ ಅಚ್ಚಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನೇ ಅಪರಾಧವೆನ್ನುವ ನಮ್ಮ ನಾಡಿನಲ್ಲಿ ಆ ಹೊಗಳಿಕೆಯಿಂದ ಯಾರಿಗೆ ಪ್ರಯೋಜನವೋ ತಿಳಿಯದು. ತೋಟದ ಅಂಚಿನ ಮಣ್ಣಿನ ದಿಬ್ಬದೆದುರು ಕಾಗದದ ಗುರಿಗೆ ಹೊಡೆಯುವ 4.5 ಮಿ.ಮೀ. ರೈಫಲ್‌ಗಂತೂ ಅದು ಧಾರಾಳವಾಗಿ ಸಾಕು ಎಂದೇ ಯಾರಿಗಾದರೂ ತೋರುತ್ತದೆ.

ಆದದ್ದು ಬೇರೆ. 20 ಮೀಟರ್ ದೂರದಲ್ಲಿ ಒತ್ತೊತ್ತಾಗಿ ಬೀಳುತ್ತಿದ್ದ ಪೆಲೆಟ್‌ಗಳು ಕೆಲವೇ ದಿನಗಳಲ್ಲಿ ಕಾಗದದ ತುಂಬ ಚದುರತೊಡಗಿದವು. ತೋರಿಸಲು ಒಯ್ದ ಅಂಗಡಿಯವರು ಸ್ಕೋಪಿನ ಒಳಭಾಗವೇ ಕೆಟ್ಟಿದೆ ಎಂದರು. ಅದಕ್ಕೂ ಮುಂಚೆ ಅಲೆನ್ ಕೀಯ ಉದ್ದದ ತುದಿಯನ್ನು ಹಿಡಿದು, ತಿರುಗುವಷ್ಟೂ ಸ್ಕ್ರೂ ಬಿಗಿದು, ಸ್ಕೋಪಿನ ಕೊಳವೆಯ ಮೇಲೆ ರಿಂಗಿನ ಅಂಚು ಒತ್ತಿ ಕುಳಿ ಬೀಳುವಂತೆ ಮಾಡಿದ್ದರು. ಕುಳಿ ಬಿದ್ದ ಕೊಳವೆಗೆ ಗ್ಯಾರಂಟಿ ನಡೆಯುವುದಿಲ್ಲವಾದ್ದರಿಂದ ಹೊಸ ಸ್ಕೋಪ್ ಕೊಳ್ಳಬೇಕಾಯಿತು. ಅದೂ ಹಾಗೆಯೇ ಚದುರಿಸಿತು.

ಬೈಕಂಪಾಡಿಯಲ್ಲಿ ಲೇತ್ ಕೆಲಸ ಮಾಡುವ ಪರಿಚಿತರೊಬ್ಬರ ಕೈಗೆ ರೈಫಲ್ ಸಿಕ್ಕಾಗ ವಿಷಯ ಬಯಲಾಯಿತು. ಎರಡೂ ರಿಂಗ್‌ಗಳ ಮುಂದೆ ಡವ್‌ಟೇಲ್ ಹಳಿಯ (ರೈಫಲ್ ಮೇಲೆ ರಿಂಗ್ ಕಚ್ಚಿಕೊಳ್ಳುವ ಓರೆ ಅಂಚಿನ ಪಟ್ಟಿ) ಮೇಲೆ ಹೊಳೆಯುವ ಗೀರುಗಳಿದ್ದವು, ಅಂದರೆ ರಿಂಗ್‌ಗಳು ಹಿಂದಕ್ಕೆ ಜಾರಿದ್ದವು. ಸಿಡಿಮದ್ದಿನ ರೈಫಲ್‌ನ ಒದೆತ ಮುಖ್ಯವಾಗಿ ಒಂದೇ ದಿಕ್ಕಿನದು. ಸ್ಪ್ರಿಂಗ್ ರೈಫಲ್‌ನಲ್ಲಿ ಗಾಳಿ ಒತ್ತುವ ಪಿಸ್ಟನ್ ಸ್ಪ್ರಿಂಗ್ ಬಲದಿಂದ ಮುಂದಕ್ಕೆ ಚಿಮ್ಮುವಾಗ ಕೋವಿ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ಕೊನೆ ಮುಟ್ಟಿ ತಟಕ್ಕನೆ ನಿಂತಾಗ ಕೋವಿ ಮುಂದಕ್ಕೆ ಜಿಗಿಯುತ್ತದೆ. ಆ ಎರಡನೆಯ ಏಟಿಗೆ ಸ್ಕೋಪೂ ರಿಂಗೂ ಹಿಂದೆ ಉಳಿಯುತ್ತವೆ. ಅದನ್ನು ತಡೆಯಲು ಮೌಂಟಿನ (ಸ್ಕೋಪ್ ಹಿಡಿದಿಡುವ ರಿಂಗ್ ಜೋಡಣೆಯ) ತಳದಲ್ಲಿ ಸ್ಟಾಪ್ ಪಿನ್ ಇರಬೇಕು, ಅದು ಹಳಿಯ ಮೇಲಿನ ರಂಧ್ರದಲ್ಲಿ ಕೂರಬೇಕು. ನನಗೆ ಬಂದದ್ದರಲ್ಲಿ ಪಿನ್ನೇ ಇರಲಿಲ್ಲ. ಮೇಲಾಗಿ ‘11 ಮಿ.ಮೀ.’ ಎಂದು ಬರೆದ ಹಳಿಗಳೆಲ್ಲ ಒಂದೇ ಕೋನದಲ್ಲಿ ಕೊರೆದವಲ್ಲ. ಹಳಿಯನ್ನು ಕಚ್ಚುವ ರಿಂಗಿನ ದವಡೆಯ ಕೋನ ಹೊಂದದಿದ್ದರೆ ರಿಂಗ್ ಅಂಚಿನ ಮೇಲಷ್ಟೇ ನಿಂತು ಓಲಾಡುತ್ತದೆ. 100 ಮಿ.ಮೀ. ಅಂತರದ ಎರಡು ರಿಂಗ್‌ಗಳಲ್ಲಿ ಒಂದು 0.1 ಮಿ.ಮೀ. ಪಕ್ಕಕ್ಕೆ ವಾಲಿದರೂ 20 ಮೀಟರ್‌ನಲ್ಲಿ ಗುರಿ 20 ಮಿ.ಮೀ. ತಪ್ಪುತ್ತದೆ.

‘ಉಕ್ಕು’ ಎಂಬುದೂ ಸುಳ್ಳು. ಲೇತ್ ಕೆಲಸದ ಆ ಪರಿಚಿತರು ಅಯಸ್ಕಾಂತ ಹಿಡಿದರು, ಅಂಟಲಿಲ್ಲ. ಅಲ್ಯೂಮಿನಿಯಂ ಎನ್ನೋಣವೆಂದರೆ ಅದಕ್ಕೆ ತಕ್ಕ ಹಗುರವೂ ಇರಲಿಲ್ಲ. ಅದು ಅಚ್ಚಿಗೆ ಹೊಯ್ದ ಸತುವಿನ ಮಿಶ್ರಲೋಹ: ತೂಕದಲ್ಲಿ ಉಕ್ಕಿಗೆ ಹತ್ತಿರ, ಆದರೆ ಸ್ಕ್ರೂವಿನ ಎಳೆಗಳು ಬೇಗ ಸವೆದುಹೋಗುವಷ್ಟು ಮೆದು. ಕೈಯಲ್ಲಿ ಹಿಡಿದು ‘ಭಾರವಿದೆ, ಗಟ್ಟಿಯಿರಬೇಕು’ ಎನ್ನುವ ನಮ್ಮ ಲೆಕ್ಕವನ್ನು ಈ ವ್ಯಾಪಾರಿಗಳು ಚೆನ್ನಾಗಿ ಬಲ್ಲರು.

ಈಗ ನಾನು ಬಳಸುತ್ತಿರುವುದು ಸ್ಟಾಪ್ ಪಿನ್ ಇರುವ, ಎರಡೂ ರಿಂಗ್‌ಗಳು ಒಂದೇ ತಳಕ್ಕೆ ಸೇರಿಕೊಂಡಿರುವ ಅಲ್ಯೂಮಿನಿಯಂ ಮೌಂಟ್. ಕುಳಿ ಬಿದ್ದ ಹಳೆಯ ಸ್ಕೋಪನ್ನೂ ಇದರ ಮೇಲೆ ಇಟ್ಟು ನೋಡಿದೆ. ಗುರಿ ಕದಲಲಿಲ್ಲ, ಅಂದರೆ ಎರಡನೆಯ ಸ್ಕೋಪಿನ ಹಣ ವ್ಯರ್ಥವಾಯಿತು. ಕೊಳ್ಳುವ ಮುನ್ನ ಸ್ಕೋಪಿನ ಕೊಳವೆ 25.4 ಮಿ.ಮೀ.ಯದೋ 30 ಮಿ.ಮೀ.ಯದೋ ಎಂಬುದನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದುಕೊಳ್ಳಿ, ದೊಡ್ಡ ರಿಂಗಿಗೆ ಪ್ಲಾಸ್ಟಿಕ್ ಪಟ್ಟಿ ತುರುಕಿ ಕೊಡುತ್ತೇನೆಂದರೆ ಒಪ್ಪಬೇಡಿ. ಅಗಲ ಹಲ್ಲುಗಳ ಪಿಕಾಟಿನ್ನಿ ಹಳಿಗೆ ಮಾಡಿದ ರಿಂಗ್ ಸಪೂರ ಡವ್‌ಟೇಲ್ ಮೇಲೆ ಕೂರುವುದಿಲ್ಲ. ಮೇಲಿನ ಮುಚ್ಚಳದ ಸ್ಕ್ರೂಗಳಿಗೆ ಸಾಮಾನ್ಯವಾಗಿ ಸುಮಾರು 2 ನ್ಯೂಟನ್ ಮೀಟರ್ ಬಿಗಿ ಸಾಕು, ಅದನ್ನೂ ಎರಡು ಬದಿಯ ಸಂದು ಸಮನಾಗಿ ಉಳಿಯುವಂತೆ ಸ್ವಲ್ಪ ಸ್ವಲ್ಪವೇ ಕೊಡಬೇಕು. ಕೂರಿಸುವಾಗ ಹಳಿಯನ್ನೂ ರಿಂಗಿನ ಒಳಮೈಯನ್ನೂ ಸ್ಪಿರಿಟ್‌ನಿಂದ ಒರೆಸಿ ಎಣ್ಣೆಯ ಪಸೆ ತೆಗೆಯಿರಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಸ್ಕ್ರೂವಿನ ತಲೆಗಳು ಬೇಗ ತುಕ್ಕು ಹಿಡಿಯುವುದರಿಂದ ಎಣ್ಣೆ ಬೇಕಾದದ್ದು ಅವುಗಳ ಹೊರಮೈಗೆ ಮಾತ್ರ.

ಹಣ ಮರಳಿಸುವಂತೆ ಕೇಳಿದಾಗ, ಒಮ್ಮೆ ರೈಫಲ್‌ಗೆ ಕೂರಿಸಿದ ವಸ್ತುವನ್ನು ಹಿಂದೆ ಪಡೆಯುವುದಿಲ್ಲ ಎಂಬ ಉತ್ತರ ಬಂತು. ಕೂರಿಸದೆ ದೋಷ ತಿಳಿಯುವುದು ಹೇಗೆಂಬ ಪ್ರಶ್ನೆಗೆ ಉತ್ತರವೇ ಬರಲಿಲ್ಲ. ಅದೇ ಮಾಲು ಈಗ ಬೇರೆ ಹೆಸರಿನ ಪೊಟ್ಟಣದಲ್ಲಿ, ‘ವಿಮಾನಕ್ಕೆ ಬಳಸುವ ಲೋಹ’ ಎಂಬ ವಿವರಣೆಯೊಂದಿಗೆ ಮಾರಾಟಕ್ಕಿದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿ: ರಿಂಗಿನ ಬದಿಯಲ್ಲಿ ಎರಕದ ಅಚ್ಚುಗಳು ಸೇರಿದ ಗೆರೆ, ದಪ್ಪ ಕಪ್ಪು ಬಣ್ಣದಡಿಯಲ್ಲೂ ಕಾಣಿಸುತ್ತದೆ, ತಳದ ಚಿತ್ರವನ್ನು ಮಾತ್ರ ಎಲ್ಲೂ ಕೊಟ್ಟಿಲ್ಲ.