ವೆಲ್ಡರುಗಳು ಬೇಕು: ಏಜೆನ್ಸಿಯಿಂದಲೋ, ನೇರವಾಗಿಯೋ?

ಮಲ್ಪೆ, ಮಂಗಳೂರು ಕಡೆ ಉಕ್ಕಿನ ಬೋಟಿನ ತಳ ರಿಪೇರಿಗೆ ಒಂದೆರಡು ತಿಂಗಳ ಮಟ್ಟಿಗೆ ವೆಲ್ಡರುಗಳು ಬೇಕೆಂದರೆ ಮೊದಲು ಲೆಕ್ಕ ನೋಡಿ. ಏಜೆನ್ಸಿ ಬಿಲ್ಲಿನಲ್ಲಿ ಕೂಲಿ, ಪಿಎಫ್, ಕಮಿಷನ್, ಅದರ ಮೇಲೆ ಶೇ. 18 ಜಿಎಸ್‌ಟಿ (ಕಟ್ಟಿದ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಸಿಗುವವರಿಗೆ ಇದು ಹೊರೆಯಲ್ಲ). ನೇರ ಕರೆದರೆ ಕಮಿಷನ್ ಉಳಿಯುತ್ತದೆ, ಆದರೆ ಹಾಜರಿ ಪುಸ್ತಕ, ರೂಮು, ಪಿಎಫ್ ಎಲ್ಲ ನಿಮ್ಮ ತಲೆಗೆ. ಏಜೆನ್ಸಿಯವರು ಕೂಲಿ ಕೊಡದೆ ಕೈಯೆತ್ತಿದರೂ ಕೊನೆಗೆ ಕೊಡಬೇಕಾದವರು ನೀವೇ. ಹಾಗಾಗಿ ಕೂಲಿ ಕೊಟ್ಟ ದಾಖಲೆ, ಪಿಎಫ್ ಕಟ್ಟಿದ ಚಲನ್ ನೋಡದೆ ಬಿಲ್ಲು ಪಾಸು ಮಾಡಬೇಡಿ.

ಕೈಗುಣಕ್ಕೆ ಸರ್ಟಿಫಿಕೇಟೊಂದನ್ನೇ ನಂಬಬೇಡಿ. ಯಾರೇ ಕಳಿಸಲಿ, ಮೊದಲ ದಿನವೇ 3ಜಿ ಟೆಸ್ಟ್, ಅಂದರೆ ನೆಟ್ಟಗೆ ನಿಲ್ಲಿಸಿದ ಪ್ಲೇಟಿನ ಮೇಲೆ ಬೆಸುಗೆ ಹಾಕುವ ಪರೀಕ್ಷೆ ಮಾಡಿಸಿ. ಪೈಪ್ ಕೆಲಸವಿದ್ದರೆ 6ಜಿ ಟೆಸ್ಟ್, ಅಂದರೆ 45 ಡಿಗ್ರಿ ಓರೆಯಾಗಿ ಹಿಡಿಸಿದ ಪೈಪಿನ ಮೇಲೆ. ತೇವ ಹಿಡಿದ 7018 ರಾಡನ್ನು (ಹೈಡ್ರೋಜನ್ ಕಡಿಮೆ ಇರುವ ಬೆಸುಗೆ ರಾಡು) ಓವನ್‌ನಲ್ಲಿ 300–350 ಡಿಗ್ರಿ ಸೆಲ್ಸಿಯಸ್‌ಗೆ ಒಣಗಿಸದೆ ಬಳಸುವವನು ಬೇಡವೇ ಬೇಡ. ತೇವದಿಂದ ಹೈಡ್ರೋಜನ್ ಸೇರಿ ಬೆಸುಗೆ ಆಮೇಲೆ ಬಿರಿಯುತ್ತದೆ. ಟೆಸ್ಟಿನಲ್ಲಿ ಸೋತರೆ, ಏಜೆನ್ಸಿಯಾದರೆ ಬದಲಿ ಆಳು ಸಿಗುತ್ತಾನೆ, ಎಷ್ಟು ದಿನದೊಳಗೆ ಎಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದರೆ.

ಹತ್ತು ಹನ್ನೆರಡು ಜನ ಬೇಕು, ಗಡುವೂ ಬಿಗಿ ಎಂದರೆ ಏಜೆನ್ಸಿ. ಇಬ್ಬರು ಮೂವರು ಸಾಕು, ಕೆಲಸ ಬಲ್ಲ ಫೋರ್‌ಮನ್ ನಿಮ್ಮಲ್ಲೇ ಇದ್ದಾನೆ ಎಂದರೆ ನೇರ. ಮಾಡಿದ ಕೆಲಸಕ್ಕೆ ಮೀಟರಿಗಿಷ್ಟೆಂದು ಕೊಡುವ ಗುತ್ತಿಗೆ ತುಕ್ಕು ಕೆರೆಯಲು, ಪೇಂಟಿಗೆ ಸರಿ. ತಳದ ಬೆಸುಗೆಗೆ ಕೊಟ್ಟರೆ ಜೋಡಿಯ ಬುಡಕ್ಕೆ ಹಾಕುವ ಮೊದಲ ಪದರದಲ್ಲೇ (ರೂಟ್ ಪಾಸ್) ಅವಸರ ಮಾಡುತ್ತಾರೆ.