ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರೇ, ಬಿಲ್ಲಿನಲ್ಲಿರುವ ಪಾರ್ಟ್ ನಂಬರ್ ಓದಿ

ಚಿಕ್ಕಮಗಳೂರು, ಹಾಸನ, ಸಕಲೇಶಪುರ ಕಡೆ ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಾರನ್ನು ಟ್ರಕ್ಕಿಗೆ ಹತ್ತಿಸಿ ರಿಪೇರಿಗೆ ಬೆಂಗಳೂರಿಗೆ ಕಳಿಸುವ ಯೋಚನೆ ಇದ್ದರೆ ಕಳಿಸುವ ಮೊದಲೇ ಓದಿ. ಅಲ್ಲಿನ ಒಂದು ಗ್ಯಾರೇಜಿನವರು ನನ್ನ ಹತ್ತಿರ ₹1,86,000 ತೆಗೆದುಕೊಂಡು, ಎಂಜಿನ್ನಿನ ಮುಚ್ಚಳವನ್ನೂ ಬಿಚ್ಚದೆ ಕಾರು ವಾಪಸ್ ಕಳಿಸಿದ್ದಾರೆ. ಮುಚ್ಚಳ ಕೂಡ ಬಿಚ್ಚಿಲ್ಲ! ಆದರೆ ಬಿಲ್ಲಿನಲ್ಲಿ ಒಳಗಿನ ಸಾಮಾನೆಲ್ಲ ಹೊಸದು.

ಗ್ಯಾರೇಜಿನ ಹೆಸರು ಇಲ್ಲಿ ಹಾಕುತ್ತಿಲ್ಲ. ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ, ಅದು ಮುಗಿಯುವವರೆಗೆ ಹೆಸರು ಬರೆಯಬೇಡಿ ಅಂತ ವಕೀಲರು ಹೇಳಿದ್ದಾರೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನನ್ನದು 2008ರ ಮರ್ಸಿಡಿಸ್ ಎಸ್‌ಎಲ್‌ಕೆ 200. ಎರಡೇ ಸೀಟು, 1.8 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್. ಒಂದು ಸ್ವಿಚ್ ಎಳೆದು ಹಿಡಿದರೆ ಮೇಲಿನ ಗಟ್ಟಿ ರೂಫ್ ಮಡಚಿಕೊಂಡು ಡಿಕ್ಕಿಯೊಳಗೆ ಕೂರುತ್ತದೆ. ಎಲ್ಲ ಸೇರಿ 22 ಸೆಕೆಂಡಿನ ಕೆಲಸ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು, ನನ್ನ ದುಡ್ಡಿನಲ್ಲಿ, ನನ್ನ ಹೆಸರಿನಲ್ಲಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಇಂಥ ಕಾರು ಯಾಕೆ ಬೇಕು ಅಂತ ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಹೂಮಳೆ ಬಿದ್ದು ವಾರ ಕಳೆದ ಮೇಲೆ, ಕಾಫಿ ತೋಟ ಪೂರ್ತಿ ಬೆಳ್ಳಗೆ ಹೂ ಬಿಟ್ಟಾಗ, ರೂಫ್ ತೆರೆದು ಆಲ್ದೂರು ಕಡೆ ಒಂದು ಸಲ ಹೋಗಿ ಬರಬೇಕು. ಆ ವಾಸನೆ ಕಾರಿನೊಳಗೇ ತುಂಬಿಕೊಳ್ಳುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಕೈಗೆ ಏನು ಹೇಳುತ್ತದೆ ಅನ್ನೋದು ಇವತ್ತಿನ ಎತ್ತರದ ಎಸ್‌ಯುವಿಗಳಲ್ಲಿ ಸಿಗುವುದೇ ಇಲ್ಲ. ಕಡೂರು ರಸ್ತೆಯ ಬಯಲಿಗೆ ಇಳಿದ ಮೇಲೆ ಸೂಪರ್‌ಚಾರ್ಜರ್ ಸಣ್ಣಗೆ ಶಿಳ್ಳೆ ಹಾಕುವ ಸದ್ದು ಕೇಳಿದರೆ ದಿನದ ತಲೆನೋವೆಲ್ಲ ಮರೆತುಹೋಗುತ್ತದೆ. ನನಗೆ ಈ ಕಾರು ಅಂದರೆ ಜೀವ. ಅದಕ್ಕೇ ಇಷ್ಟು ಹೊಟ್ಟೆ ಉರಿಯುತ್ತಿರೋದು.

ಕಷ್ಟ ಇಲ್ಲ ಅಂತಲ್ಲ. ನಮ್ಮ ಮಳೆಗಾಲ ಗೊತ್ತಲ್ಲ, ಜೂನ್‌ನಿಂದ ಕಾರು ಶೆಡ್ಡಿನಲ್ಲೇ. ಸೀಟಿನ ಲೆದರಿಗೆ ಬೂಸ್ಟು ಹಿಡಿಯುತ್ತದೆ, ಇಲಿ ವೈರ್ ಕಡಿಯುತ್ತದೆ, ಬ್ಯಾಟರಿ ಕೂತುಬಿಡುತ್ತದೆ. ಹಂಪ್ ಕಂಡರೆ ಪ್ರಾಣ ಕೈಯಲ್ಲಿ ಹಿಡಿದು ಓರೆಯಾಗಿ ಹತ್ತಿಸಬೇಕು. 15 ವರ್ಷ ದಾಟಿದ ಮೇಲೆ ನೋಂದಣಿ ನವೀಕರಣ ಬೇರೆ. 2022ರ ಏಪ್ರಿಲ್‌ನಿಂದ ಮಾಮೂಲಿ ಕಾರಿಗೆ ₹5,000 ಆದರೆ ಆಮದು ಕಾರಿಗೆ ₹40,000 ಶುಲ್ಕ, ಅದೂ 5 ವರ್ಷಕ್ಕೆ ಮಾತ್ರ. ಇದೆಲ್ಲ ಗೊತ್ತಿದ್ದೇ ಇಟ್ಟುಕೊಂಡಿದ್ದೇನೆ. ವಯಸ್ಸಾದ ಕಾರು ಖರ್ಚು ಕೇಳುತ್ತದೆ, ಕೊಡುತ್ತೇನೆ. ಆದರೆ ಕೊಟ್ಟ ದುಡ್ಡು ಕಾರಿಗೆ ಹೋಗಬೇಕಲ್ವಾ?

ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಮುಂಭಾಗದಿಂದ ಕಟಕಟ ಅಂತ ಒಂದೆರಡು ಸೆಕೆಂಡ್ ಸದ್ದು ಬರತೊಡಗಿತು. ಈ ಎಂಜಿನ್ ಇಟ್ಟುಕೊಂಡವರಿಗೆಲ್ಲ ಆ ಸದ್ದು ಗೊತ್ತು. ಓಡಿ ಓಡಿ ಟೈಮಿಂಗ್ ಚೈನ್ (ಪಿಸ್ಟನ್ನಿನ ತಾಳಕ್ಕೆ ವಾಲ್ವ್ ತೆರೆದು ಮುಚ್ಚಿಸುವ ಸರಪಳಿ) ಉದ್ದವಾಗಿರುತ್ತದೆ, ಅದು ಸುತ್ತುವ ಹಲ್ಲುಚಕ್ರಗಳಾದ ಕ್ಯಾಮ್‌ಶಾಫ್ಟ್ ಅಡ್ಜಸ್ಟರ್‌ಗಳ ಹಲ್ಲು ಸವೆದಿರುತ್ತದೆ. ರಾತ್ರಿಯಿಡೀ ನಿಂತಿದ್ದಾಗ, ಚೈನನ್ನು ಒತ್ತಿ ಹಿಡಿಯುವ ಟೆನ್ಷನರ್‌ನಿಂದ ಆಯಿಲ್ ಇಳಿದುಹೋಗಿ, ಮತ್ತೆ ಪ್ರೆಷರ್ ಏರುವವರೆಗೆ ಸಡಿಲವಾದ ಚೈನ್ ಹೊಡೆದುಕೊಳ್ಳುತ್ತದೆ. ಹಾಗೇ ಬಿಟ್ಟು ಚೈನ್ ಹಲ್ಲು ಹಾರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಆದ್ದರಿಂದ ತಡ ಮಾಡದೆ ಈ ಕೆಲಸಕ್ಕೆ ಹೆಸರಾದವರು ಅಂತ ಹೇಳಿಕೊಳ್ಳುವ ಬೆಂಗಳೂರಿನ ಗ್ಯಾರೇಜನ್ನೇ ಹುಡುಕಿದೆ. ಕಾರು ಓಡಿಸದೆ, ಬೇಲೂರು, ಹಾಸನ ಮೇಲೆ ಟ್ರಕ್ಕಿನಲ್ಲೇ ಕಳಿಸಿದೆ. ಆ ವರ್ಷದ ಕಾಳುಮೆಣಸು ಮಾರಿದ ದುಡ್ಡು ಇದಕ್ಕೇ ಅಂತ ಎತ್ತಿಟ್ಟಿದ್ದೆ.

ಕೇಳಬೇಕಾದ್ದನ್ನೆಲ್ಲ ಕೇಳಿದ್ದೆ. ಒರಿಜಿನಲ್ ಸಾಮಾನು ಬೇಕು ಅಂದೆ. "ನೂರಕ್ಕೆ ನೂರು ಒರಿಜಿನಲ್ ಮೇಡಂ." ಬಿಲ್ ಬೇಕು ಅಂದೆ. "ಜಿಎಸ್‌ಟಿ ಬಿಲ್ ಕೊಡ್ತೀವಿ ಮೇಡಂ." ಹಳೇ ಚೈನ್, ಹಳೇ ಅಡ್ಜಸ್ಟರ್ ವಾಪಸ್ ಬೇಕು ಅಂದೆ. "ಡಿಕ್ಕಿಯಲ್ಲಿ ಹಾಕಿ ಕಳಿಸ್ತೀವಿ ಮೇಡಂ." ಕೆಲಸ ನಡೆಯುವಾಗ ಫೋಟೋ ಕಳಿಸಿದರು, ಸ್ಟಾರ್ ಇರುವ ಡಬ್ಬಿಗಳು, ಹೊಳೆಯುವ ಹೊಸ ಚೈನ್. ಮುಚ್ಚಳ ತೆಗೆದ ಎಂಜಿನ್ನಿನ ವಿಡಿಯೋ ಕೂಡ ಕಳಿಸಿದರು. ಇನ್ನೇನು ಕೇಳಬೇಕಿತ್ತು, ಹೇಳಿ?

ಕಾರು ಬಂತು. ಸದ್ದಿಲ್ಲ. ಡಿಕ್ಕಿಯಲ್ಲಿ ಹಳೇ ಸಾಮಾನೂ ಇಲ್ಲ. ಫೋನ್ ಮಾಡಿದರೆ "ಅಯ್ಯೋ ಮೇಡಂ, ಹುಡುಗ್ರು ಗೊತ್ತಾಗದೆ ಸ್ಕ್ರ್ಯಾಪಿಗೆ ಹಾಕಿಬಿಟ್ರು, ಸಾರಿ" ಅಂದರು. ಎಂಜಿನ್ ನಿಶ್ಶಬ್ದವಾಗಿತ್ತು, ಕಾರು ಚೆನ್ನಾಗಿ ಓಡುತ್ತಿತ್ತು. ನೆಂಟರ ಮದುವೆಗೆ ಅದರಲ್ಲೇ ಹೋದೆ, ಎಲ್ಲರಿಗೂ ಹೇಳಿದೆ, ಹೊಸದರ ಹಾಗೆ ಮಾಡಿ ಕೊಟ್ಟಿದ್ದಾರೆ ಅಂತ. ಸಕಲೇಶಪುರದಲ್ಲಿರುವ ನನ್ನ ಚಿಕ್ಕಪ್ಪನ ಮಗ, ಅವನ ಹತ್ತಿರವೂ ಒಂದು ಹಳೇ ಜರ್ಮನ್ ಕಾರಿದೆ, ಅವನು ನನ್ನಿಂದಲೇ ಅವರ ನಂಬರ್ ತೆಗೆದುಕೊಂಡ. ನಾಚಿಕೆ ಆಗುತ್ತಿರುವುದು ಅದಕ್ಕೆ.

ಡಿಸೆಂಬರ್ ಚಳಿ ಶುರುವಾಯಿತು. ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಕಟಕಟ. ಮೊದಲಿಗಿಂತ ಜಾಸ್ತಿ.

ಗ್ಯಾರೇಜಿಗೆ ಫೋನ್ ಮಾಡಿದೆ. "ಮೇಡಂ, ಹೊಸ ಚೈನ್ ಸೆಟ್ ಆಗೋಕೆ ಟೈಮ್ ತಗೊಳುತ್ತೆ." ಚೈನ್ ಸೆಟ್ ಆಗೋದಾ? ಇನ್ನೊಂದು ಸಲ ಮಾಡಿದೆ. "ಹಳೇ ಗಾಡಿ ಅಂದ್ಮೇಲೆ ಸೌಂಡ್ ಇದ್ದೇ ಇರುತ್ತೆ ಮೇಡಂ. ಸರ್ ಇದ್ದಾರಾ? ಅವರಿಗೆ ಫೋನ್ ಕೊಡಿ, ಟೆಕ್ನಿಕಲ್ ಆಗಿ ಹೇಳ್ತೀನಿ." ನಮ್ಮ ಮನೆಯವರಿಗೆ ಈ ಕಾರಿನ ಬಾನೆಟ್ ತೆಗೆಯೋದು ಎಲ್ಲಿ ಅಂತಲೂ ಗೊತ್ತಿಲ್ಲ! ಕಾರು ನನ್ನದು, ನನ್ನ ಹತ್ತಿರ ಮಾತಾಡಿ ಅಂದೆ. "ಸರಿ ಮೇಡಂ, ಫ್ರೀ ಆದಾಗ ಮಾಡ್ತೀನಿ" ಅಂತ ಇಟ್ಟುಬಿಟ್ಟರು. ಮತ್ತೆ ಮಾಡಲಿಲ್ಲ.

ಕೊನೆಗೆ ನಮ್ಮ ಊರಿನ ಮೇಸ್ತ್ರಿಯನ್ನೇ ಕರೆದೆ. ಜೀಪು, ಪಿಕಪ್ ರಿಪೇರಿ ಮಾಡುವವರು, ಆದರೆ ಎಂಜಿನ್ ಮುಂದೆ ಅವರಿಗಿರುವ ತಾಳ್ಮೆ ನಾನು ಬೇರೆ ಎಲ್ಲೂ ನೋಡಿಲ್ಲ. ಏನೂ ಬಿಚ್ಚುವ ಮೊದಲೇ ಮುಚ್ಚಳದ ಬೋಲ್ಟ್‌ಗಳಿಗೆ ಟಾರ್ಚ್ ಹಿಡಿದು ನೋಡುತ್ತಾ ನಿಂತರು. ಬೋಲ್ಟಿನ ತಲೆ ಸುತ್ತ ಆಯಿಲ್, ಧೂಳು ಸೇರಿ ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. "ಅಕ್ಕಾ, ಇದನ್ನ ಯಾರೂ ಮುಟ್ಟೇ ಇಲ್ಲ" ಅಂದರು.

ನಂಬಿಕೆ ಬರಲಿಲ್ಲ. ಬಿಚ್ಚಿ ನೋಡೋಣ ಅಂದೆ. ಒಂದೊಂದನ್ನೂ ಬಿಚ್ಚುವ ಮೊದಲು ಫೋಟೋ ತೆಗೆದೆ, ವಿಡಿಯೋ ಮಾಡಿದೆ. ಮುಚ್ಚಳ ಎತ್ತಿದಾಗ ಅದರ ಗ್ಯಾಸ್ಕೆಟ್ ಮರದ ಹಾಗೆ ಗಟ್ಟಿಯಾಗಿ ತುಂಡಾಯಿತು. ಅಡ್ಜಸ್ಟರ್ ಹಲ್ಲುಗಳು ಒಂದು ಕಡೆಗೆ ಚೂಪಾಗಿ ಸವೆದಿದ್ದವು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕನ್ನು ಗುರುತಿಗೆ ತಂದು ನಿಲ್ಲಿಸಿದರೆ ವಾಲ್ವ್ ತೆರೆಯುವ ಕ್ಯಾಮ್‌ಗಳ ಗುರುತು ಹಿಂದೆ ಉಳಿದಿತ್ತು, ಅಂದರೆ ಚೈನ್ ಎಳೆದುಕೊಂಡಿದೆ. ಈ ಎಂಜಿನ್ನಿಗೆ ಹೊಸ ಚೈನ್ ಹಾಕುವಾಗ ಸಾಮಾನ್ಯವಾಗಿ ಹಳೇ ಚೈನ್ ಕತ್ತರಿಸಿ, ಅದರ ತುದಿಗೆ ಹೊಸದನ್ನು ಕಟ್ಟಿ, ಎಂಜಿನ್ ತಿರುಗಿಸುತ್ತಾ ಒಳಗೆ ಎಳೆದುಕೊಂಡು, ಕೊನೆಗೆ ಒಂದು ಕೊಂಡಿಗೆ ರಿವೆಟ್ ಹೊಡೆಯುತ್ತಾರೆ. ಹೀಗೇ ಹಾಕಿದ್ದೀವಿ ಅಂತ ಗ್ಯಾರೇಜಿನವರೇ ನನಗೆ ವಾಟ್ಸಾಪಿನಲ್ಲಿ ವಿವರಿಸಿದ್ದರು. ಮೇಸ್ತ್ರಿ ಕೈಯಲ್ಲೇ ಎಂಜಿನ್ ನಿಧಾನ ತಿರುಗಿಸುತ್ತಾ ಒಂದೊಂದೇ ಕೊಂಡಿ ನೋಡಿದರು. ನಾನೂ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದೆ. ರಿವೆಟ್ ಹೊಡೆದ ಕೊಂಡಿ ಬರಲೇ ಇಲ್ಲ. ಒಂದು ಸುತ್ತು ಮುಗಿದ ಮೇಲೆ ಅನುಮಾನ ಬೇಡ ಅಂತ ಮತ್ತೊಂದು ಸುತ್ತು ತಿರುಗಿಸಿದರು. ಇಲ್ಲ. ಫ್ಯಾಕ್ಟರಿಯಿಂದ ಬಂದ ಚೈನೇ ಅಲ್ಲಿತ್ತು.

ಹಾಗಾದರೆ ಸದ್ದು ನಿಂತದ್ದು ಹೇಗೆ? ಟೆನ್ಷನರ್ ಒಂದನ್ನು ಹೊರಗಿನಿಂದಲೇ ಬಿಚ್ಚಿ ಹಾಕಬಹುದು, ಮುಚ್ಚಳ ತೆಗೆಯುವ ಅಗತ್ಯ ಇಲ್ಲ. ಅದನ್ನು ಮಾತ್ರ ಬದಲಾಯಿಸಿದ್ದರು, ಅದರ ವಾಷರ್ ಹೊಸದಿತ್ತು. ಜೊತೆಗೆ ಮಂದ ಆಯಿಲ್ ಹಾಕಿದ್ದರು. ಅವರೇ ನೇತುಹಾಕಿದ ಕಾರ್ಡಿನಲ್ಲಿ 20ಡಬ್ಲ್ಯೂ-50 ಅಂತ ಬರೆದಿತ್ತು. ಈ ಎಂಜಿನ್ನಿಗೆ ಮರ್ಸಿಡಿಸ್ ಕಂಪನಿಯ ಒಪ್ಪಿಗೆ (229.5 ಥರದ್ದು) ಇರುವ ತೆಳು ಸಿಂಥೆಟಿಕ್ ಆಯಿಲ್ ಹಾಕಬೇಕು. ಹೊಸ ಟೆನ್ಷನರ್ ಸಡಿಲ ಚೈನನ್ನು ಸ್ವಲ್ಪ ಜಾಸ್ತಿ ಒತ್ತಿ ಹಿಡಿಯುತ್ತದೆ, ಮಂದ ಆಯಿಲ್ ಸದ್ದು ಅಡಗಿಸುತ್ತದೆ. ಕೆಲವು ಕಾಲ ಎಲ್ಲ ಸರಿಯಾದಂತೆ ಕಾಣುತ್ತದೆ. ಆ ಹೊತ್ತಿಗೆ ದುಡ್ಡು ಅವರ ಖಾತೆ ಸೇರಿರುತ್ತದೆ.

ಅವತ್ತು ರಾತ್ರಿ ಅವರು ಕಳಿಸಿದ್ದ ವಿಡಿಯೋ ಮತ್ತೆ ಹಾಕಿದೆ. ಎಂಜಿನ್ ನನ್ನದರ ಥರವೇ ಇದೆ, ಇದೇ ಎಂಜಿನ್ ಆ ಕಾಲದ ಸಿ-ಕ್ಲಾಸ್, ಇ-ಕ್ಲಾಸ್‌ಗೂ ಬರುತ್ತಿತ್ತು. ವಿಡಿಯೋ ಮುಗಿಯುವ ಮುಂಚೆ ಕ್ಯಾಮೆರಾ ಸ್ವಲ್ಪ ಅಲ್ಲಾಡಿ ಫೆಂಡರ್ ಕಾಣುತ್ತದೆ. ಬಿಳಿ ಬಣ್ಣ. ನನ್ನ ಕಾರು ಬೆಳ್ಳಿ ಬಣ್ಣದ್ದು. ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಯಾರದೋ ಕಾರಿನ ವಿಡಿಯೋ ತೋರಿಸಿ ನನ್ನ ಹತ್ತಿರ ದುಡ್ಡು ತೆಗೆದುಕೊಂಡಿದ್ದಾರೆ! ಆಮೇಲೆ ಬಿಲ್ ತೆಗೆದೆ. ಮರ್ಸಿಡಿಸ್ ಎಂಜಿನ್ ಸಾಮಾನಿನ ನಂಬರ್ 'ಎ' ಅಕ್ಷರದಿಂದ ಶುರುವಾಗುತ್ತದೆ, ಅದರ ನಂತರದ ಮೂರು ಅಂಕಿ ಸಾಮಾನ್ಯವಾಗಿ ಎಂಜಿನ್ನಿನ ಸರಣಿ. ನನ್ನ ಎಂಜಿನ್ 271. ಬಿಲ್ಲಿನಲ್ಲಿ ಚೈನಿನ ಮುಂದೆ ಇದ್ದದ್ದು 651. ಅದು ಡೀಸೆಲ್ ಎಂಜಿನ್. ನನ್ನ ಪೆಟ್ರೋಲ್ ಕಾರಿಗೆ ಡೀಸೆಲ್ ಕಾರಿನ ಚೈನ್ ಅಂತ ಬಿಲ್ ಹಾಕಿದ್ದಾರೆ. ಇನ್ನೊಬ್ಬರ ಬಿಲ್ಲಿನಿಂದ ಎತ್ತಿ ಹಾಕಿರಬೇಕು, ಅಷ್ಟು ಧೈರ್ಯ.

ಎಲ್ಲ ಫೋಟೋ, ವಿಡಿಯೋ ಕಳಿಸಿದೆ. ಮೊದಲ ಉತ್ತರ: "ಬಿಲ್ಲಿಂಗ್ ಹುಡುಗ ಟೈಪ್ ಮಾಡೋವಾಗ ಮಿಸ್ಟೇಕ್ ಮಾಡಿದ್ದಾನೆ ಮೇಡಂ." ರಿವೆಟ್ ಎಲ್ಲಿ ಅಂತ ಕೇಳಿದೆ. "ಅದೆಲ್ಲ ನಿಮಗೆ ಗೊತ್ತಾಗಲ್ಲ ಮೇಡಂ, ಯಾರೋ ಲೋಕಲ್ ಮೆಕ್ಯಾನಿಕ್ ನಿಮ್ಮ ತಲೆ ಕೆಡಿಸಿದ್ದಾನೆ." ಬಿಳಿ ಫೆಂಡರ್ ಬಗ್ಗೆ ಕೇಳಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು: "ನೀವು ಹೊರಗಡೆ ಓಪನ್ ಮಾಡಿಸಿದ್ದೀರಿ, ವಾರಂಟಿ ಕ್ಯಾನ್ಸಲ್." ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಅಂದಾಗ ಮಾತ್ರ ಸ್ವರ ಬದಲಾಯಿತು. "ಮೇಡಂ, ನಾವೆಲ್ಲ ಒಂದೇ ಫ್ಯಾಮಿಲಿ ಥರ. 15,000 ವಾಪಸ್ ಹಾಕ್ತೀನಿ, ಏನೂ ಕಂಪ್ಲೇಂಟ್ ಇಲ್ಲ ಅಂತ ಒಂದು ಲೆಟರ್ ಸೈನ್ ಮಾಡಿ ಕಳಿಸಿ." ಕೆಲಸ ಮಾಡಿದ್ದರೆ ದುಡ್ಡು ವಾಪಸ್ ಕೊಡೋದು ಯಾಕೆ? ಮಾಡದಿದ್ದರೆ 15,000 ಮಾತ್ರ ಯಾಕೆ? ಇದಕ್ಕೂ ಉತ್ತರ ಬರಲಿಲ್ಲ.

ಚಿಕ್ಕಪ್ಪನ ಮಗನಿಗೆ ಆ ಕೂಡಲೇ ಫೋನ್ ಮಾಡಿದೆ. "ಅಕ್ಕಾ, ನೀವು ಹೇಳಿದ ಗ್ಯಾರೇಜಿಗೇ ಅಡ್ವಾನ್ಸ್ ಹಾಕಿದ್ದೀನಲ್ಲ" ಅಂದ. ಏನು ಹೇಳಬೇಕೋ ತೋಚಲಿಲ್ಲ. ಕಾರು ಇನ್ನೂ ಹೋಗಿರಲಿಲ್ಲ, ಅಷ್ಟೇ ಸಮಾಧಾನ. ಅವನ ಅಡ್ವಾನ್ಸ್ ಇವತ್ತಿಗೂ ವಾಪಸ್ ಬಂದಿಲ್ಲ.

ಹಾಗಾಗಿ, ಹಳೇ ಸಾಮಾನು ನಿಮ್ಮ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. "ಸ್ಕ್ರ್ಯಾಪಿಗೆ ಹೋಯ್ತು" ಅಂದರೆ ಕೆಲಸ ಆಗಿಲ್ಲ ಅಂತಲೇ ತಿಳಿದುಕೊಳ್ಳಿ, ನಾನಂತೂ ಇನ್ನು ಹಾಗೇ ತಿಳಿಯೋದು. ವಿಡಿಯೋ ಕಳಿಸಿದರೆ ಅದೇ ವಿಡಿಯೋದಲ್ಲಿ, ಮಧ್ಯೆ ಕತ್ತರಿಸದೆ, ನಂಬರ್ ಪ್ಲೇಟ್ ತೋರಿಸಲು ಹೇಳಿ. ಪಾರ್ಟ್ ನಂಬರ್ ಓದಿ, ನಿಮ್ಮ ಎಂಜಿನ್ ಸರಣಿ ಯಾವುದು ಅಂತ ಇವತ್ತೇ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಚಾಸಿಸ್ ನಂಬರ್ ಕೊಟ್ಟು ಕಂಪನಿ ಡೀಲರ್ ಹತ್ತಿರ ಸಾಮಾನು ನೀವೇ ತರಿಸಿಕೊಳ್ಳಿ. ನಾನು ಈಗ ಹಾಗೇ ಆರ್ಡರ್ ಹಾಕಿದ್ದೇನೆ, ನಮ್ಮ ಮೇಸ್ತ್ರಿಯೇ ಕೂರಿಸುತ್ತಾರೆ, ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ದೂರು ಕೊಡಲು ಬೆಂಗಳೂರಿಗೆ ಅಲೆಯಬೇಕು ಅಂತ ಹೆದರಿಸುವವರ ಮಾತು ಕೇಳಬೇಡಿ. ಆ ಗ್ಯಾರೇಜಿನವರೂ ನನಗೆ ಅದನ್ನೇ ಹೇಳಿದ್ದರು, "ಬೆಂಗಳೂರು ಕೋರ್ಟಿಗೆ ಬನ್ನಿ ಮೇಡಂ" ಅಂತ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2 ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನು ಚಿಕ್ಕಮಗಳೂರಿನಲ್ಲೇ ಕೊಟ್ಟಿದ್ದೇನೆ. ಹಳೇ ಚೈನ್, ಅಡ್ಜಸ್ಟರ್, ತುಂಡಾದ ಗ್ಯಾಸ್ಕೆಟ್ ಎಲ್ಲ ಚೀಲದಲ್ಲಿ ಕಟ್ಟಿಟ್ಟಿದ್ದೇನೆ.

ನಮ್ಮ ಕಡೆಯಿಂದ ಇದೇ ಎಂಜಿನ್ನಿನ ಕಾರನ್ನು ಚೈನ್ ಕೆಲಸಕ್ಕೆ ಬೆಂಗಳೂರಿಗೆ ಕಳಿಸಿದವರು ಇದ್ದರೆ ಇವತ್ತೇ ಬಿಲ್ ತೆಗೆದು ಆ ಮೂರು ಅಂಕಿ ನೋಡಿ. 651 ಅಂತ ಇದ್ದರೆ, ಅಥವಾ ನಿಮಗೂ ಬಿಳಿ ಫೆಂಡರ್ ಇರುವ ವಿಡಿಯೋ ಬಂದಿದ್ದರೆ, ನನಗೆ ಮೆಸೇಜ್ ಮಾಡಿ. ನಿಮ್ಮ ಬಿಲ್ಲನ್ನೂ ನನ್ನ ದೂರಿನ ಜೊತೆ ಇಡಬಹುದು ಅಂತ ವಕೀಲರು ಹೇಳಿದ್ದಾರೆ.