ದರ ಏರಲಿಲ್ಲ, ಯಂತ್ರ ಮಾತ್ರ ಹೋಯಿತು: ಸ್ಪಾಟ್ ಸರ್ವರ್ ಬಳಸಿದ ಅನುಭವ

ಕುಂಬಳೆ ಕಡೆಯ ಯಕ್ಷಗಾನ ಬಯಲಾಟಗಳನ್ನು ಇಡೀ ರಾತ್ರಿ ವಿಡಿಯೋ ಮಾಡಿ, ಮೊಬೈಲಿನಲ್ಲಿ ನೋಡುವಷ್ಟು ಸಣ್ಣ ಫೈಲ್ ಮಾಡುವುದು ನನ್ನ ಕೆಲಸ. ಮನೆಯ ಲ್ಯಾಪ್‌ಟಾಪಿಗೆ ಕೊಟ್ಟರೆ ಒಂದು ಆಟದ ಫೈಲ್ ಮುಗಿಯುವಷ್ಟರಲ್ಲಿ ಇನ್ನೊಂದು ಆಟ ಬಂದಿರುತ್ತದೆ. ಅದಕ್ಕೇ ಕ್ಲೌಡ್‌ನ, ಅಂದರೆ ಇಂಟರ್‌ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರುಗಳ ಪೈಕಿ, ಸ್ಪಾಟ್ ಸರ್ವರ್ ಹಿಡಿದೆ. ಖಾಲಿ ಉಳಿದ ಯಂತ್ರವನ್ನು ಕಡಿಮೆ ದರಕ್ಕೆ ಕೊಡುತ್ತಾರೆ. ಪೂರ್ತಿ ದರದ ಗಿರಾಕಿ ಬಂದರೆ ವಾಪಸ್ ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಬಾಡಿಗೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನಾನು ಕೊಟ್ಟದ್ದಿಲ್ಲ.

ಬೆಳಿಗ್ಗೆ ಅಪ್ಪ ಚಹಾ ಕುಡಿಯುತ್ತಾ ಪೇಪರಿನಲ್ಲಿ ಅಡಿಕೆ ಧಾರಣೆ ನೋಡುತ್ತಾರೆ, ನಾನು ಪಕ್ಕದಲ್ಲಿ ಕೂತು ಕ್ಲೌಡ್ ಕಂಪನಿಯ ಮುಂಬೈ ಕೇಂದ್ರದ ಸ್ಪಾಟ್ ದರ ನೋಡುತ್ತೇನೆ. ಒಂದೇ ಕೇಂದ್ರದಲ್ಲೂ ಯಂತ್ರದಿಂದ ಯಂತ್ರಕ್ಕೆ ದರ ಬೇರೆ. ಎಲ್ಲರೂ ಕೇಳುವ ಹೊಸ ಮಾದರಿ ಬಿಟ್ಟು, ಸ್ವಲ್ಪ ಹಳೆಯದನ್ನು ಹುಡುಕುವುದು ನನಗೆ ಬಹಳ ಖುಷಿ. ರಾತ್ರಿ ಊಟ ಆದ ಮೇಲೆ ಫೈಲ್ ಕಳಿಸಿ ಮಲಗಿದರೆ, ಏಳುವಾಗ ಆಟದ ಮೊದಲಿನ ಚೌಕಿ ಪೂಜೆಯಿಂದ ಕೊನೆಯ ಮಂಗಳದವರೆಗೆ ಎಲ್ಲ ತಯಾರು.

ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಮುಂಚಿನ ವಾರಗಳಲ್ಲಿ ಮಾತ್ರ ತಲೆ ಕೆಟ್ಟುಹೋಯಿತು. ಆಟಗಳು ರಾಶಿ ಬಿದ್ದಿದ್ದವು. ಗಂಟೆಗಟ್ಟಲೆ ಓಡಿದ ಕೆಲಸ ನಡುವೆ ನಿಂತಿತು. ಸೂಚನೆ ಬಂದದ್ದು 30 ಸೆಕೆಂಡ್ ಮೊದಲು. ದರದ ಗೆರೆ ನೋಡಿದರೆ ಅದು ಅಲ್ಲಾಡಿಯೇ ಇಲ್ಲ!

2009ರಲ್ಲಿ ಅಮೆಜಾನ್ ಇದನ್ನು ಶುರು ಮಾಡಿದಾಗ ಹರಾಜಿನ ಕ್ರಮವಿತ್ತು. ನೀವು ಕೂಗಿದ ಬೆಲೆಗಿಂತ ದರ ಮೇಲೆ ಹೋದರೆ ಯಂತ್ರ ಕೈಬಿಡುತ್ತಿತ್ತು. ದರ ಸಿಕ್ಕಾಪಟ್ಟೆ ಏರುತ್ತಿತ್ತು, ಸರಿ. ಆದರೆ ಯಂತ್ರಕ್ಕೆ ಬೇಡಿಕೆ ಜಾಸ್ತಿಯಾಗಿದೆ ಅಂತ ದರ ನೋಡಿಯೇ ಗೊತ್ತಾಗುತ್ತಿತ್ತು. 2017ರ ಕೊನೆಗೆ ಅವರು ಅದನ್ನು ಬದಲಿಸಿ, ದರ ನಿಧಾನಕ್ಕೆ ಏರಿಳಿಯುವ ಹಾಗೆ ಮಾಡಿದರು. ನಾನು ಬಳಸುವ ಬೇರೆ ಕಂಪನಿಯದ್ದೂ ಹೆಚ್ಚುಕಡಿಮೆ ಇದೇ ಬಗೆ. ತಿಂಗಳ ಖರ್ಚು ಮೊದಲೇ ಲೆಕ್ಕ ಹಾಕಬಹುದು, ಅದು ಒಳ್ಳೆಯದೇ. ಆದರೆ ಕೊರತೆ ಇದೆ ಅಂತ ಗೊತ್ತಾಗುವುದು ಯಂತ್ರ ಹೋದ ಮೇಲೆ. ಗಿರಾಕಿಗೆ ಇದು ನ್ಯಾಯವಲ್ಲ.

ಈಗ ವಿಡಿಯೋವನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿ ಕಳಿಸುತ್ತೇನೆ. ಮುಗಿದ ತುಂಡು ಆಗಲೇ ಬೇರೆ ಕಡೆ ಸೇವ್ ಆಗುತ್ತದೆ. ಯಂತ್ರ ಹೋದರೂ ಒಂದೇ ತುಂಡು ನಷ್ಟ. ಹೊಸದಾಗಿ ಬರುವವರು ಇನ್ನೊಂದು ನೋಡಿಕೊಳ್ಳಿ: ರಿಯಾಯಿತಿ ಯಂತ್ರಕ್ಕೆ ಮಾತ್ರ. ಡಿಸ್ಕಿಗೂ ಫೈಲ್ ಇಳಿಸಿಕೊಳ್ಳುವುದಕ್ಕೂ ಪೂರ್ತಿ ದರ. ಆಟದ ನೇರ ಪ್ರಸಾರಕ್ಕಂತೂ ಇದನ್ನು ಮುಟ್ಟಲೇಬೇಡಿ.

ಯಾವ ಯಂತ್ರ ಎಷ್ಟು ಸಲ ಕೈಬಿಡುತ್ತದೆ ಅಂತ ಅಮೆಜಾನ್ ಶೇಕಡಾ 5ಕ್ಕಿಂತ ಕಡಿಮೆ, 5ರಿಂದ 10 ಎಂದು ಪಟ್ಟಿ ಮಾಡಿ ತೋರಿಸುತ್ತದೆ. ನನ್ನ ಕಂಪನಿಯೂ ಅದನ್ನು ದರದ ಪಕ್ಕದಲ್ಲೇ ಹಾಕಿದರೆ ಐದು ನಕ್ಷತ್ರ ಕೊಡುತ್ತೇನೆ. ಸದ್ಯಕ್ಕೆ ಮೂರು.